ತೂಕದ ಮನೆಯ ಗಡಿಯಾರ

ತುಂಬಿದ ಗಾಡಿ ತೂಗು, ಬರಿ ಗಾಡಿ ತೂಗು,
ಕಳೆ. ಉಳಿದದ್ದು ಕಬ್ಬು.
ಹತ್ತೊಂಬತ್ತು ಸೀಸನ್ನಿನಿಂದ
ನನ್ನ ಹೊಟ್ಟೆ ಹೊರೆದ ಗಣಿತ ಇಷ್ಟೇ.

ಮದ್ದೂರು ದಾಟಿ ಒಳಗೆ
ನಾಲೆಯ ಏರಿಗೆ ಒರಗಿದ ಕಾರ್ಖಾನೆ.
ತೂಕದ ಮನೆಯ ತಾರಸಿಯ ಮೇಲೆ
ಮುನೀರ್ ಸಾಹೇಬರ ದೂರದರ್ಶಕ.
ಪೇಟೆಯಲ್ಲಿ ಕನ್ನಡಕ ಮಾರುವವರು,
ಎರಡು ವರ್ಷ ಗಾಜಿಗೆ ಗಾಜು ಉಜ್ಜಿ
ಎಂಟಿಂಚಿನ ಕನ್ನಡಿ ಮಾಡಿಕೊಂಡವರು.
ಅವರ ಮನೆ ಮೇಲಿನ ಆಕಾಶವನ್ನು ಬೀದಿದೀಪ ತಿಂದಿದೆಯಂತೆ.
ಇಲ್ಲೂ ದೀಪವಿದೆ. ಆದರೆ ನೀರಿನ ತೊಟ್ಟಿ ಅಡ್ಡ ನಿಂತು
ಒಂದು ಚಾಪೆಯಷ್ಟು ಕತ್ತಲೆ ಉಳಿಸಿಕೊಟ್ಟಿದೆ.

‘ಇವತ್ತೊಂದು ಪಟ, ನಾಳೆಯೊಂದು ಪಟ,
ಒಂದರಲ್ಲೊಂದು ಕಳೀರಿ’ ಅಂದರು.
ಕಳೆದೆ.
ನಕ್ಷತ್ರಗಳು ನಕ್ಷತ್ರಗಳನ್ನೇ ಅಳಿಸಿ ಹೋದವು.
ಉಳಿದದ್ದು ಎರಡು ಚುಕ್ಕಿ, ಒಂದು ಕಪ್ಪು, ಒಂದು ಬಿಳಿ:
ನಿನ್ನೆ ಇದ್ದ ಕಡೆ, ಇವತ್ತು ಇರುವ ಕಡೆ.
ಕಲ್ಲು.

ನನಗೆ ಮಖೆಯೆಂದರೆ ಮಳೆ, ಆಗಸ್ಟಿನ ಕೆಸರು,
ಗಾಲಿ ಹೂತು ಬೈದುಕೊಳ್ಳುವ ಡ್ರೈವರುಗಳು.
ಮಾಘದ ನಡುರಾತ್ರಿ ಅದೇ ಮಖೆ
ಒಣಗಿದ ಕಣ್ಣಿನಂತೆ ನೆತ್ತಿಯ ಮೇಲಿರುತ್ತದೆಂದು
ಯಾರೂ ಹೇಳಿರಲಿಲ್ಲ.
ಅದರ ಪಕ್ಕದಲ್ಲೇ ಕಲ್ಲು, ರಾತ್ರಿಗೆ ಅರ್ಧ ಚಂದ್ರನಗಲ,
ಹಿಂದಕ್ಕೆ ಹಿಂದಕ್ಕೆ ನಡೆದಿತ್ತು.

ವಕ್ರಗತಿ ಅಂದರೆ ನನ್ನಮ್ಮ ಎಳ್ಳೆಣ್ಣೆ ಹಚ್ಚಿಸುತ್ತಿದ್ದಳು.
ಸಾಹೇಬರು ರಸ್ತೆ ತೋರಿಸಿದರು.
ಲಾರಿ ಎತ್ತಿನಗಾಡಿಯನ್ನು ದಾಟುತ್ತಿತ್ತು.
‘ಲಾರಿಯಲ್ಲಿ ಕೂತವನನ್ನು ಕೇಳಿ,
ಎತ್ತು ಎತ್ತ ಹೋಗ್ತಿದೆ ಅಂತ.’

ಮೂರು ರಾತ್ರಿ ಸಿಕ್ಕರೆ ಸಾಕಂತೆ, ದಾರಿ ಪೂರಾ ಕಟ್ಟಬಹುದಂತೆ.
ಮೂರನೇ ರಾತ್ರಿ ದೊಡ್ಡಮರಿಯ ಆಲೆಮನೆ ಹೊಗೆ
ನೇರ ಸಿಂಹದ ಮೋರೆಗೆ.
ಹೋಗಿ ಕೇಳಿದೆ. ಕೊಪ್ಪರಿಗೆಯಿಂದ ಕಣ್ಣೆತ್ತದೆ
‘ಪಾಕ ಬಂದದೆ ಕಣವ್ವ, ಈಗ್ ಬೆಂಕಿ ಎಳದ್ರೆ
ಬೆಲ್ಲ ಅಲ್ಲ, ಗೋಂದು ಆಯ್ತದೆ.
ನಿನ್ ಕಲ್ಲೇನು ಹಳಸ್ಕಂಡದಾ?’
ಅಚ್ಚಿಗೆ ಹೊಯ್ಯುವವರೆಗೆ ಕೂತೆ.
ಬಿಸಿ ಬೆಲ್ಲದ ಚೂರು ನಾಲಿಗೆ ಸುಟ್ಟಿತು.

ಎರಡು ಗಂಟೆಗೆ ಹೊಗೆ ಹರಿದು ಸಿಕ್ಕ ಚುಕ್ಕಿ
ಪಟ್ಟಿ ಹೇಳಿದ ಜಾಗದಲ್ಲಿರಲಿಲ್ಲ.
ಕೂದಲೆಳೆಯಷ್ಟು ಪಡುವಣಕ್ಕೆ ಸರಿದಿತ್ತು.
ಹಿಂದಿನೆರಡು ಪಟದಲ್ಲೂ ಅಷ್ಟೇ ಕೂದಲೆಳೆ.
ಸಾಹೇಬರು ಲೆಕ್ಕ ಬಿಡಿಸಿದರು, ಬೀಡಿ ಕಚ್ಚಿಕೊಂಡು,
ಹಚ್ಚದೆ, ಕತ್ತಲೆ ಕೆಡದಿರಲೆಂದು.
ಕೊನೆಗೆ ಕೇಳಿದರು:
‘ಟೈಮು ಯಾವ ಗಡಿಯಾರದಲ್ಲಿ ಬರೆದಿರಿ?’

ತೂಕದ ಮನೆಯದರಲ್ಲಿ.
ಚೀಟಿಗೆಲ್ಲ ಅದೇ ತಾನೇ ಹೊತ್ತು ಒತ್ತುವುದು.
ಹನ್ನೊಂದು ನಿಮಿಷ ಹಿಂದಿತ್ತು.
ಎಂದಿನಿಂದಲೋ.
ಕಲ್ಲು ಇರಬೇಕಾದಲ್ಲೇ ಇತ್ತು, ಹೊತ್ತಿಗೆ ಸರಿಯಾಗಿ.
ತಡವಾಗಿ ಬಂದಿದ್ದವರು ನಾವು.

ಬೋರಲಿಂಗನ ಚೀಟಿ ನೆನಪಾಯಿತು.
ಹನ್ನೊಂದು ಐವತ್ತೆರಡು, ತಾರೀಖು ಹದಿನಾಲ್ಕು.
ಅವನ ಗಾಡಿ ಗೇಟು ದಾಟಿದ್ದು
ಹದಿನೈದು ಹುಟ್ಟಿ ಮೂರು ನಿಮಿಷಕ್ಕೆ.
ಹಿಂದೆ ನಿಂತವರು ಕೂಗಾಡಿದ್ದರು. ನಾನು
ಚೀಟಿ ತೋರಿಸಿ ಬಾಯಿ ಮುಚ್ಚಿಸಿದ್ದೆ.

ಸೂಪರ್‌ವೈಸರಿಗೆ ಹೇಳಿದೆ.
‘ಕಲ್ಲು ಹೇಳ್ತು ಅಂತ ಗಡಿಯಾರ ತಿರುಗ್ಸಕಾಯ್ತದಾ?
ಸೀಸನ್ ಮುಗೀಲಿ.’

ಹದಿನಾರು ತಿಂಗಳಿಗೆ ಮತ್ತೆ ಎದುರಾಗುತ್ತದಂತೆ,
ಆಗ ಮೂಲಾ ನಕ್ಷತ್ರದ ಹತ್ತಿರ.
ಇಲ್ಲಿ ಆರಿದ್ರೆ ಮಳೆ. ಕಾಣುವುದಿಲ್ಲ.
ಕಾಣದಿದ್ದರೂ ಎಲ್ಲಿದೆಯೆಂದು ಬರೆದಿಟ್ಟುಕೊಂಡಿದ್ದೇವೆ,
ಪಂಚಾಯಿತಿ ಕೊಟ್ಟ ಕ್ಯಾಲೆಂಡರಿನ ಬೆನ್ನಿಗೆ.

ಈಗ ಪ್ರತಿ ಚೀಟಿಯ ಮೂಲೆಯಲ್ಲಿ
ಪೆನ್ಸಿಲಿನಲ್ಲಿ ಸಣ್ಣಗೆ ಬರೆಯುತ್ತೇನೆ: ಕೂಡು ಹನ್ನೊಂದು.
ಯಾರೂ ಕೇಳಿಲ್ಲ.
ಗಾಡಿ ತಟ್ಟೆಯ ಮೇಲೆ ಹತ್ತುತ್ತದೆ,
ಅಂಕಿ ನಡುಗುತ್ತದೆ.
‘ಇಂಜಿನ್ ಆಫ್ ಮಾಡಪ್ಪ’ ಅನ್ನುತ್ತೇನೆ.
ನಿಲ್ಲುವವರೆಗೆ ಕಾಯುತ್ತೇನೆ.