ಹನ್ನೆರಡನೇ ದೀಪ

ಕೋಡಿಬಾಗದ ಅತಿಥಿಗೃಹದ ತೋಟದಲ್ಲಿ
ದೀಪಗಳು ಹನ್ನೆರಡು. ನೆಟ್ಟವನು ನಾನೇ,
ಆಗ ಗಿಡಗಳೆಲ್ಲ ನನ್ನ ಮೊಣಕಾಲಿನ ಕೆಳಗಿದ್ದವು.

ಕಾಳಿ ನದಿ ಕಡಲು ಸೇರುವಲ್ಲಿ
ಗಾಳಿಗೂ ಉಪ್ಪು ಜಾಸ್ತಿ.
ಸ್ಕ್ರೂ ತಲೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು
ಹಳೇ ಬೆಲ್ಲದ ಹಾಗೆ ಉದುರುತ್ತದೆ.
ವ್ಯಾಸಲೀನು ಸವರುತ್ತೇನೆ ಒಂದೊಂದಕ್ಕೂ,
ಚಳಿಗೆ ಮಕ್ಕಳ ತುಟಿಗೆ ಸವರಿದ ಹಾಗೆ.
ಗಾಜು ಒರೆಸಲು ಹರಿದ ಬನಿಯನ್ನು,
ವೈರು ಕಡಿಯುವ ಹೆಗ್ಗಣಕ್ಕೆ ಬೈಗುಳ,
ಟೈಮರಿಗೆ ತಿಂಗಳಿಗೊಮ್ಮೆ
ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆಂಬ ವರದಿ.

ಇದಿಷ್ಟು ನನ್ನ ಕೆಲಸ. ಉಳಿದದ್ದು ಮಂಕಾಳಿಯದು.
ಅವಳು ನೀರು ಬಿಟ್ಟರೆ ಸಾಕು,
ಕ್ರೋಟನ್ನು ಮೂರನೆಯದರ ಕಣ್ಣು ಮುಚ್ಚುತ್ತದೆ,
ದಾಸವಾಳ ಏಳನೆಯದನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತದೆ,
ಕೆಸು, ಅದನ್ನು ಯಾರೂ ನೆಟ್ಟದ್ದೇ ಅಲ್ಲ,
ಒಂಬತ್ತರ ಮೇಲೆ ಕೊಡೆ ಹಿಡಿದು ನಿಲ್ಲುತ್ತದೆ.
ನಾನು ಕತ್ತರಿ ಹಿಡಿದು ಬಂದರೆ
"ಪುರ್ಸಣ್ಣಾ, ಗಿಡ ಬೆಳೀತದೆ. ನಿನ್ನ ದೀಪ ಬೆಳೀತದಾ?
ಬೆಳೀದೇ ಇದ್ದದ್ದೇ ಜರುಗಲಿ."
ಜರುಗಿಸುತ್ತೇನೆ. ಒಂದು ಗೇಣು. ಮತ್ತೊಂದು ಗೇಣು.
ಹತ್ತು ವರ್ಷದಲ್ಲಿ ದೀಪಗಳು ನಡೆದು ನಡೆದು
ಕಾಂಪೌಂಡಿನ ಗೋಡೆಗೆ ಬೆನ್ನು ಹಚ್ಚಿವೆ.

ಮೊನ್ನೆ ರಾತ್ರಿ ಮ್ಯಾನೇಜರ್ ಲೋಲಯೇಕರ್
ಮಹಡಿಯಿಂದ ಎಣಿಸಿದರು: ಹನ್ನೊಂದು.
ಮತ್ತೆ ಎಣಿಸಿದರು, ಬೆರಳು ಮಡಚಿ: ಹನ್ನೊಂದು.

ವೈರಿನ ಜಾಡು ಹಿಡಿದು ಹೊರಟೆ, ಬಗ್ಗಿಕೊಂಡು.
ರಾತ್ರಿರಾಣಿಯ ಬುಡ, ಚಗಳಿ ಇರುವೆಯ ಕಡಿತ,
ಯಾರೋ ಎಸೆದ ಐಸ್‌ಕ್ರೀಮ್ ಕಡ್ಡಿ,
ಭುಜದವರೆಗೆ ಎಲೆ. ಅದರಾಚೆ
ಉರಿಯುತ್ತಿತ್ತು ಅದು, ಏನೂ ಆಗಿಲ್ಲವೆಂಬಂತೆ,
ತನ್ನದೇ ಒಂದು ಹಸಿರು ಕೋಣೆ ಬೆಳಗುತ್ತ.

ಅಲ್ಲೊಂದು ಹುಣಸೆ ಸಸಿ.
ಯಾವ ಅತಿಥಿ ಉಗಿದ ಬೀಜವೋ, ಗೇಣುದ್ದ.
ಗೇಟಿನ ಬಳಿಯ ದೊಡ್ಡ ಹುಣಸೆ
ಆಗಲೇ ಎಲೆ ಮಡಚಿ ಮಲಗಿಯಾಗಿದೆ;
ಇದು ಮಾತ್ರ ಬಿಚ್ಚಿದ್ದು ಬಿಚ್ಚಿದ ಹಾಗೇ,
ಹೆರಿಗೆ ವಾರ್ಡಿನ ಟ್ಯೂಬ್‌ಲೈಟಿನ ಕೆಳಗೆ
ಕಣ್ಣು ಬಿಟ್ಟುಕೊಂಡಿರುವ ಕೂಸು.

ಎಷ್ಟು ದಿನದಿಂದ? ಯಾರನ್ನು ಕೇಳುವುದು.
ದೂರದಲ್ಲಿ ದೇವಗಡದ ದೀಪಸ್ತಂಭ
ಒಮ್ಮೆ ಮಿಂಚಿತು, ಆರಿತು.
ಅದಕ್ಕೆ ಹಡಗುಗಳಿವೆ. ಇದಕ್ಕೆ?

ಟೆಸ್ಟರ್ ಬಾಯಲ್ಲಿ ಕಚ್ಚಿ
ವೈರು ಬಿಚ್ಚಿ, ತುದಿಗೆ ಟೇಪು ಸುತ್ತಿದೆ.
ಕೂತೆ, ಸೊಳ್ಳೆ ಹೊಡೆಯುತ್ತ,
ನಡುನಡುವೆ ಬೆರಳಲ್ಲಿ ಮುಟ್ಟಿ ನೋಡುತ್ತ.
ಎಷ್ಟೋ ಹೊತ್ತು ಏನೂ ಇಲ್ಲ.
ಆಮೇಲೆ ಜೋಡಿ ಜೋಡಿ ಎಲೆ
ಒಂದಕ್ಕೊಂದು ಒರಗಿದ್ದು ಬೆರಳಿಗೆ ಗೊತ್ತಾಯಿತು.

ರಿಜಿಸ್ಟರಿನಲ್ಲಿ ಬರೆದೆ:
ಹನ್ನೆರಡು. ಸಾಮಾನು ಹುಬ್ಬಳ್ಳಿಯಿಂದ ಬರಬೇಕು.
ಲೋಲಯೇಕರ್ ಸಹಿ ಹಾಕಿದರು.

ಬೆಳಿಗ್ಗೆ ಪೈಪು ಹಿಡಿದು ಆ ಕಡೆ ಹೋದ ಮಂಕಾಳಿ
ಬಗ್ಗಿ ನೋಡಿದಳು, ತಿರುಗಿ ನನ್ನ ನೋಡಿದಳು.
"ಸಾಮಾನು ಬರೂಕೆ ಎಷ್ಟು ದಿನ?"
"ಹುಬ್ಬಳ್ಳಿ ದೂರ ಮಾರಾಯ್ತಿ," ಅಂದೆ.