ಒಳಗಿನ ಕಂಬಳಿ

ಉಮ್ಸುನ್ ಮನೆಗೆ ಹೋಗುವುದೆಂದರೆ ನನಗೆ ಭಯ.
ಮೊದಲು ಚಹಾ, ಆಮೇಲೆ ಬೆಣ್ಣೆ, ಆಮೇಲೆ ಜಗಳ.
ಅತ್-ಬಾಶಿಯ ಈ ಕಡೆಯ ಆರು ಹಳ್ಳಿಗೆ
ನಾನೊಬ್ಬಳೇ ಕಾಂಪೌಂಡರ್, ನಾನೇ ಸೂಲಗಿತ್ತಿ,
ಹಲ್ಲು ಕೀಳುವವಳೂ ನಾನೇ.
ಅವಳು ಮಾತ್ರ ಇನ್ನೂ
"ಝಿಪರ್, ಮೂಗು ಒರೆಸಿಕೋ" ಎನ್ನುತ್ತಾಳೆ.

ಎಪ್ಪತ್ತೊಂದು ವರ್ಷ. ಅದರಲ್ಲಿ ಅರವತ್ತು ಮಂಡಿಯ ಮೇಲೆ.
ಕುದಿನೀರು ಚಿಮುಕಿಸಿ, ಉಣ್ಣೆಯನ್ನು ಜೊಂಡಿನ ಚಾಪೆಯಲ್ಲಿ ಸುತ್ತಿ,
ಮೊಣಕೈಯಿಂದ ಒತ್ತಿ, ಉರುಳಿಸಿ, ಮತ್ತೆ ಒತ್ತಿ
ಕೂದಲು ಕೂದಲನ್ನು ಹಿಡಿದು ಬಿಡದ ಹಾಗೆ ಮಾಡುವ ಕೆಲಸ.
ಕಂಬಳಿ ಗಟ್ಟಿಯಾಯಿತು.
ಮಂಡಿ ಸವೆಯಿತು.

ಸಂತೆಯಲ್ಲಿ, ಲಾಳ ಮಾರುವವನ ಪಕ್ಕ,
ಡಬ್ಬಿಯಿಲ್ಲದೆ ಬಿಡಿಯಾಗಿ ಸಿಗುತ್ತಿತ್ತು ಹಳದಿ ಮಾತ್ರೆ.
ಒಂದು ನುಂಗಿದರೆ ಮಂಡಿ ಹದಿನೆಂಟರದು.
ಎರಡು ನುಂಗಿದರೆ ವಾರದ ಕೆಲಸ ಮೂರೇ ದಿನ.
ಅದೂ ಖಾಲಿ ಹೊಟ್ಟೆಗೆ, "ಹೊಟ್ಟೆ ತುಂಬಿದರೆ ಬಗ್ಗೋಕಾಗಲ್ಲ" ಅಂತ.
ಸೊಸೆ ನಜೀರಾ ತನ್ನ ಸೊಂಟಕ್ಕೆ ತಂದ ಗುಲಾಬಿ ಮಾತ್ರೆ ಸಂಜೆಗೆ.
ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಆಸಾಮಿ ಒಬ್ಬನೇ
ಎಂದು ಯಾರು ಹೇಳಬೇಕಿತ್ತು?
ನಾನು. ಹೇಳಲಿಲ್ಲ.
ನಾನು ಬಿ.ಪಿ.ಗೆ ಕೊಟ್ಟ ಮಾತ್ರೆ ಇವೆರಡರ ನಡುವೆ
ಹೊಸ ಸೊಸೆಯ ಹಾಗೆ ಬಾಯಿಬಿಡದೆ ಕೂತಿತ್ತು.
ಒತ್ತಡ ಇಳಿಯಲಿಲ್ಲ, ಕಾಲು ಊದಿತು, ಉಚ್ಚೆ ಕಮ್ಮಿಯಾಯಿತು.
"ಬೇಸಿಗೆ," ಅಂದಳು.
ಬೇಸಿಗೆಯೇ ಇರಬೇಕು ಅಂದುಕೊಂಡೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಹೇಳಿಕಳಿಸಿದಳು.
ಎದ್ದರೆ ಕಣ್ಣು ಕತ್ತಲೆ. ತುಟಿ ತೊಳೆದ ಉಣ್ಣೆಯ ಬಣ್ಣ.
"ಮಲ ಯಾವ ಬಣ್ಣ, ಅಪಾ?"
"ಥೂ, ಕೇಳೋ ಮಾತಾ ಇದು!"
ಆಮೇಲೆ ಗೋಡೆಯ ಕಡೆ ತಿರುಗಿ,
"ಹೊಸ ರಸ್ತೆಗೆ ಹಾಕಿದಾರಲ್ಲ, ಆ ಟಾರಿನ ಹಾಗೆ.
ಕಾಡಿನ ಕರಿಹಣ್ಣು ತಿಂದಿದ್ದೆ."
"ಯಾವತ್ತು?"
"ಹಣ್ಣು ಮುಗಿದು ವಾರವಾಯ್ತು."

ನಾರಿನ್‌ಗೆ ಎರಡು ಗಂಟೆ ದಾರಿ, ಎಸೆನ್‌ನ ಹಳೆಯ ವ್ಯಾನು.
ನನ್ನ ತೊಡೆಯ ಮೇಲೆ ತಲೆಯಿಟ್ಟು ಅವಳು ಒಂದೇ ಸಮನೆ ಕೇಳಿದಳು:
ಮಂಡಿಗೆ ತಗೊಂಡದ್ದು ಹೊಟ್ಟೆಗೆ ಯಾಕೆ ಹೋಯಿತು?

ನಾನು ಓದಿದ್ದು ರಷ್ಯನ್ ಭಾಷೆಯಲ್ಲಿ. ಅವಳಿಗೆ ಬರುವುದು ಉಣ್ಣೆ.
ಉಣ್ಣೆಯಲ್ಲಿ ಹೇಳಿದೆ:
ನಿನ್ನ ಹೊಟ್ಟೆಯೊಳಗೂ ಒಂದು ಕಂಬಳಿ ಹಾಸಿದೆ ಅಪಾ,
ತೆಳ್ಳಗೆ, ಯಾವಾಗಲೂ ಒದ್ದೆ.
ಹುಳಿ ತಾಗದಂತೆ ಅದನ್ನು ದಿನಾ ಒತ್ತಿ ಸರಿಮಾಡುವ ಕೈಯೊಂದಿದೆ.
ಮಂಡಿಯಲ್ಲಿ ಬೆಂಕಿ ಊದುವುದೂ ಅದೇ ಕೈ.
ಮಾತ್ರೆಗೆ ಕಣ್ಣಿಲ್ಲ. ಕೈ ಕಟ್ಟುತ್ತದೆ, ಅಷ್ಟೆ.
ಬೆಂಕಿ ಆರಿತು. ಕಂಬಳಿ ಒತ್ತುವವರಿಲ್ಲ.
"ನುಸಿ ಹೊಡೀತು ಅನ್ನು," ಅಂದಳು ಕಣ್ಣು ಮುಚ್ಚಿಯೇ.
ಹೂಂ. ನುಸಿ.

ಮೂರು ಬಾಟಲಿ ರಕ್ತ. ಒಂದು ಎಸೆನ್‌ನದು.
ಇನ್ನು ನನ್ನ ಮೇಲೆ ಅವನಿಗೂ ಅಧಿಕಾರ ಬಂತಲ್ಲ
ಎಂದು ಬೈಯುತ್ತಲೇ ಬದುಕಿದಳು.

ಚಳಿಗಾಲ ಪೂರ್ತಿ ಕತ್ತರಿಸುತ್ತ ಹೊಲಿಯುತ್ತ ಕೂತಿದ್ದಳು,
ಜೀವಮಾನದಲ್ಲಿ ಮೊದಲ ಸಲ ಸ್ಟೂಲಿನ ಮೇಲೆ.
ಮಾರ್ಚಿಯಲ್ಲಿ ತಂದು ನನ್ನ ಗೋಡೆಗೆ ಮೊಳೆ ಹೊಡೆದಳು.
"ಡಬ್ಬಿಯೊಳಗಿನ ಕಾಗದ ಯಾರು ಓದ್ತಾರೆ? ಇರುವೆ ಸಾಲು ಅದು."
ಟಗರಿನ ಕೊಂಬಿರಬೇಕಾದಲ್ಲಿ ರೊಟ್ಟಿ, ಅದರ ಹಿಂದೆ ಹಳದಿ ಚುಕ್ಕೆ.
ಹಳದಿಯೂ ಗುಲಾಬಿಯೂ ಜೊತೆಗಿದ್ದ ಕಡೆ ಕೆಂಪು ದಾರದ ಕಾಟು.
ವೋಡ್ಕಾ ಶೀಶೆಗೂ ಕಾಟು, ಅವಳ ಗಂಡನ ಟೋಪಿ ಹಾಕಿಕೊಂಡಿದೆ ಅದು.
ಗಬ್ಬದ ಕುದುರೆಯೊಂದು, ಅದಕ್ಕೂ ಕಾಟು
(ಹೆಂಗಸನ್ನೇ ಬರೆದರೆ ನಜೀರಾ ನಾಚುತ್ತಾಳಂತೆ).
ಐದು ಸೂರ್ಯ. ಆರನೆಯದರಲ್ಲಿ ನನ್ನ ಮುಖ:
ಐದು ದಿನಕ್ಕೆ ಇಳಿಯದಿದ್ದರೆ ಇವಳ ಹತ್ತಿರ ಬನ್ನಿ.
ಮೂಗು ಒರೆಸಿಲ್ಲ.
ನಡುವೆ ಅಂಗೈಯಗಲ ಬರೀ ಕಪ್ಪು,
ಅದರ ಕೆಳಗೆ ವ್ಯಾನು.

ನಿನ್ನೆ ಬಂದಿದ್ದಳು. ಏಳುವಾಗ ನನ್ನ ಭುಜ ಹಿಡಿದಳು,
ಅಷ್ಟೂ ಭಾರ ಬಿಟ್ಟು.
"ಇವತ್ತು ಜೋರಾಗಿದೆ. ಏನಾದರೂ ಕೊಡು."
ಬೇರೆ ಮಾತ್ರೆ ಕೊಟ್ಟೆ, ಹೊಟ್ಟೆಗೆ ಮೆತ್ತಗಿನದು.
ಮಂಡಿಗೂ ಮೆತ್ತಗಿನದೇ. ಅವಳಿಗೂ ಗೊತ್ತು.
ಮುಷ್ಟಿಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಳು,
ಚೀಲಕ್ಕೆ ಕೈಹಾಕಿ
ರೊಟ್ಟಿ ಹುಡುಕಿದಳು.