ಮೆನಾ ಬಿದ್ದಾಗ

ಓಲ್ಬೋರ್ಗಿನ ಕಾಫಿ ಅಂಗಡಿಯ ಹೊರಗೆ
ಆರು ತಳ್ಳುಗಾಡಿ ಸಾಲಾಗಿ ನಿಂತಿವೆ,
ಆರರಲ್ಲೂ ಒಂದೊಂದು ಕೂಸು, ನಿದ್ದೆಯಲ್ಲಿ.
ಚಳಿ ಸೊನ್ನೆಗೂ ಮೂರು ಕೆಳಗೆ.
ಆರು ತಾಯಂದಿರು ಒಳಗೆ ದಾಲ್ಚಿನ್ನಿ ಬನ್ನು ಮುರಿಯುತ್ತ
ಏನೋ ಮಾತಿಗೆ ನಗುತ್ತಿದ್ದಾರೆ.
ಏಳನೆಯವನು ನಾನು,
ಗಾಜಿಗೆ ಮೂಗು ಒತ್ತಿ ನಿಂತವನು;
ನನ್ನ ಉಸಿರೇ ಮಂಜಾಗಿ ಮಗಳನ್ನು ಮರೆಮಾಡುತ್ತದೆ,
ಒರೆಸುತ್ತೇನೆ, ಮತ್ತೆ ಮಂಜು.

"ಕೂತುಕೋ" ಅನ್ನುತ್ತಾಳೆ ಸಿಸೆಲ್,
"ಚಳಿಗಾಳಿ ಕುಡಿದ ಮಗು ಗಟ್ಟಿಯಾಗುತ್ತೆ.
ನನ್ನನ್ನೂ ಹೀಗೇ ಮಲಗಿಸಿದ್ದರು,
ಯಾರೂ ಎತ್ತಿಕೊಂಡು ಹೋಗಲಿಲ್ಲ ನೋಡು."
ಕೂರುತ್ತೇನೆ. ಕಾಫಿ ಆರುತ್ತದೆ.

ನನ್ನೂರು ಶಿಲ್ಲಾ, ಇಟಲಿಯ ಕಾಲ್ಬೆರಳಿನ ತುದಿ.
ಅಲ್ಲಿ ಗಾಳಿಯೆಂದರೆ ಕಳ್ಳ,
ಬಾಗಿಲ ಸಂದಿಯಲ್ಲಿ ನುಸುಳಿ
ಮಕ್ಕಳ ಕುತ್ತಿಗೆಗೇ ಕೈ ಹಾಕುವವನು.
ಜೂನ್ ತಿಂಗಳಲ್ಲೂ ಅಮ್ಮ ನನಗೆ ಉಣ್ಣೆಯ ಬನಿಯನ್ ತೊಡಿಸಿದಳು,
ಬೆವೆತರೆ ಬೆನ್ನಿಗೂ ಬನಿಯನ್ನಿಗೂ ನಡುವೆ ಕರವಸ್ತ್ರ ತುರುಕಿದಳು.
ಉಂಡು ಮೂರು ತಾಸಾಗದೆ ಕಡಲಿಗಿಳಿದು ಸತ್ತ ಹುಡುಗನ ಕಥೆ
ಎಷ್ಟು ಸಲ ಹೇಳಿದ್ದಳೆಂದರೆ
ಅವನ ಹೆಸರು, ಅವನ ಚಡ್ಡಿಯ ಬಣ್ಣ
ಇಂದಿಗೂ ಬಾಯಿಪಾಠ.
ಅಂಥ ಹುಡುಗನೇ ಇರಲಿಲ್ಲವೆಂದು ತಿಳಿದದ್ದು
ನನಗೆ ಮೂವತ್ತು ದಾಟಿದ ಮೇಲೆ.

ಆಗಸ್ಟಿನಲ್ಲಿ ಊರಿಗೆ ಹೋಗುತ್ತೇವೆ.
ರಾತ್ರಿ ಹನ್ನೊಂದಕ್ಕೆ, ಚೌಕದಲ್ಲಿ,
ಅಮ್ಮ ಫಿಲೊಮೆನಾ ತಟ್ಟೆ ಚಮಚ ಹಿಡಿದು
ತನ್ನ ಹೆಸರು ಹೊತ್ತ ಮೊಮ್ಮಗಳ ಹಿಂದೆ ಓಡುತ್ತಾಳೆ.
ಕಾರಂಜಿಯ ಬಳಿ ಒಂದು ತುತ್ತು,
ಇಗರ್ಜಿಯ ಮೆಟ್ಟಿಲಲ್ಲಿ ಒಂದು,
ಕೊನೆಯದು ಯಾರೋ ಗುರುತಿಲ್ಲದವನ ತೊಡೆಯ ಮೇಲೆ.
ಮೀನು ಮಾರುವ ಮುದುಕ ಕೆನ್ನೆ ಹಿಂಡುತ್ತಾನೆ,
ಔಷಧದಂಗಡಿಯ ಹೆಂಗಸು ದೃಷ್ಟಿಯಾದೀತೆಂದು
ಕೆಂಪು ಕೊಂಬಿನ ತಾಯಿತ ಕಟ್ಟುತ್ತಾಳೆ.
ಸಿಸೆಲ್ ಗಡಿಯಾರ ನೋಡುತ್ತಾಳೆ.
ಅವಳೂರಲ್ಲಿ ಏಳಕ್ಕೇ ಪರದೆ ಎಳೆಯುತ್ತಾರೆ,
ಹೊರಗೆ ಸೂರ್ಯ ಎಚ್ಚರವಿದ್ದರೂ.
ಇಲ್ಲಿ ಎಳೆಯಲು ಕೈಗೆ ಏನೂ ಸಿಗದೆ
ಕಾಗದದ ಕರವಸ್ತ್ರವನ್ನು ನಾಲ್ಕಾಗಿ, ಎಂಟಾಗಿ ಮಡಿಸುತ್ತಾಳೆ.
"ಇವಳು ಎಲ್ಲರ ಮಗುವಾ?"
ಮಲಗುವಾಗ ಕೇಳಿದಳು.
ಹೌದು ಅಂದೆ. ತಪ್ಪು ಉತ್ತರವಿರಬೇಕು,
ಅವಳು ಗೋಡೆಯ ಕಡೆ ತಿರುಗಿದಳು.

ಮೆನಾಳಿಗೆ ಈಗ ನಾಲ್ಕು.
ಎರಡು ಬಗೆಯಲ್ಲಿ ಬೀಳುವುದನ್ನು ಕಲಿತಿದ್ದಾಳೆ.
ಬಿದ್ದ ಕೂಡಲೇ ಅಳುವುದಿಲ್ಲ,
ಮೊದಲು ತಲೆಯೆತ್ತಿ ಯಾರಿದ್ದಾರೆ ನೋಡುತ್ತಾಳೆ.
ಅಮ್ಮನಾದರೆ ಮಂಡಿಯ ಮಣ್ಣು ಕೊಡವಿ ನಡೆದುಬಿಡುವುದು.
ಅಜ್ಜಿಯಾದರೆ ಊರೇ ಕೂಡುವಂತೆ ಗೋಳು;
ಅಜ್ಜಿ ನೆಲಕ್ಕೆ ಎರಡೇಟು ಹಾಕುತ್ತಾಳೆ,
ತಪ್ಪೆಲ್ಲ ನೆಲದ್ದು.
ನಾನಿದ್ದರೆ ಮಾತ್ರ ಗೊಂದಲ.
ತುಟಿ ನಡುಗುತ್ತದೆ, ತೀರ್ಮಾನವಾಗುವುದಿಲ್ಲ.
ಎತ್ತಲು ಚಾಚಿದ ನನ್ನ ಕೈಯೂ ಹಾಗೇ, ಅರ್ಧದಲ್ಲಿ.

ಕಳೆದ ವಾರ ಓಲ್ಬೋರ್ಗಿನಲ್ಲಿ
ಶಿಶುವಿಹಾರದ ಗೇಟಿನೆದುರು
ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲು ಜಾರಿ
ನಾನೇ ಬಿದ್ದೆ, ಅಂಗಾತ.
ಅವಳು ನಿಂತಳು. ಗವಸಿನ ಕೈ ಬೆನ್ನ ಹಿಂದೆ ಕಟ್ಟಿ
ಕಾದಳು, ಥೇಟ್ ಸಿಸೆಲ್.
ಬೂದಿ ಬಣ್ಣದ ಆಕಾಶ. ಎಷ್ಟು ಹೊತ್ತೋ.
ಆಮೇಲೆ ಸರಸರ ಬಂದು ಕುಕ್ಕರಗಾಲಲ್ಲಿ ಕೂತು
ನನ್ನ ಕೊರಳಪಟ್ಟಿಯ ಗುಂಡಿ ಹಾಕುತ್ತ
ಶಿಲ್ಲಾದ ಮಾತಲ್ಲೇ ಗದರಿದಳು:
"ಗಾಳಿ ಹೊಡೆಯುತ್ತೆ, ಮುಚ್ಚಿಕೋ!"
ಮಂಜುಗಡ್ಡೆಗೆ ಎರಡೇಟು ಬಿತ್ತು.

ಏಳಲು ಮಾತ್ರ ಕೈ ಕೊಡಲಿಲ್ಲ.